ತೀವ್ರ ಕೋವಿಡ್ ಸೋಂಕಿನಲ್ಲಿ ಶ್ವಾಸಕೋಶ ಹಾಗೂ ಎದೆಯ ತೊಡಕುಗಳು: ಗ್ರಾಮ ಪಂಚಾಯತ ಸದಸ್ಯರ ಅಧ್ಯಯನಕ್ಕಾಗಿ

2021ರ ಏಪ್ರಿಲ್-ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ಸೋಂಕು ಹಳ್ಳಿಗಳನ್ನೂ ಬಿಡಲಿಲ್ಲವೆಂಬುದನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಮಾನ್ಯ ಸದಸ್ಯರು ಬಲ್ಲರು. ಜ್ವರ ಇಳಿದರೆ ಕಾಯಿಲೆ ಮುಗಿಯಿತೆಂಬ ಭಾವನೆ ಜನರಲ್ಲಿದೆ. ಆದರೆ ತೀವ್ರ ಸ್ವರೂಪದ ಸೋಂಕಿನಲ್ಲಿ ಶ್ವಾಸಕೋಶಕ್ಕೆ ಅಪಾಯ ಒದಗುವುದು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ಐದರಿಂದ ಹತ್ತನೆಯ ದಿನದ ಅವಧಿಯಲ್ಲಿ.

ಆಗ ಶ್ವಾಸಕೋಶದ ಸೂಕ್ಷ್ಮ ಗಾಳಿಚೀಲಗಳು ಉರಿಯೂತದಿಂದ ದ್ರವ ತುಂಬಿಕೊಳ್ಳುತ್ತವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಕಡಿಮೆಯಾಗುತ್ತದೆ. ಆದರೂ ಕೆಲವು ರೋಗಿಗಳು ಏದುಸಿರು ಬಿಡದೆ ಮಾತನಾಡುತ್ತ ಕುಳಿತಿರುತ್ತಾರೆ. ಉಸಿರಿಗಾಗಿ ನಮ್ಮನ್ನು ಚಡಪಡಿಸುವಂತೆ ಮಾಡುವುದು ಮುಖ್ಯವಾಗಿ ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡ್. ಅದು ಹೊರಹೋಗುತ್ತಿರುವವರೆಗೆ ಆಮ್ಲಜನಕದ ಕೊರತೆ ಅರಿವಿಗೆ ಬಾರದೆ ಇರಬಹುದು. ಆದ್ದರಿಂದ "ಆರಾಮ ಅದೀನಿ" ಎಂಬ ರೋಗಿಯ ಮಾತಿನ ಮೇಲೆ ನಿಲ್ಲದೆ ಪಲ್ಸ್ ಆಕ್ಸಿಮೀಟರ್‌ನಿಂದ ಅಳೆಯತಕ್ಕದ್ದು. ಮದರಂಗಿ ಅಥವಾ ಉಗುರು ಬಣ್ಣವಿರುವ ಬೆರಳು, ತಣ್ಣಗಾದ ಕೈ ತಪ್ಪು ಅಂಕಿ ತೋರಿಸಬಹುದು. ಅಳತೆ 94 ಅಥವಾ ಹೆಚ್ಚಿದ್ದರೆ ಆರು ನಿಮಿಷ ಮನೆಯೊಳಗೇ ನಡೆಸಿ ಮತ್ತೆ ನೋಡಬೇಕು. 94ಕ್ಕಿಂತ ಇಳಿದರೆ, ಇಲ್ಲವೆ ಮೊದಲಿಗಿಂತ 3ರಿಂದ 5 ಅಂಕ ಕುಸಿದರೆ ತಡಮಾಡದೆ 108 ವಾಹನ ಕರೆಸಬೇಕು. ವಾಹನ ಬರುವವರೆಗೆ ರೋಗಿಯನ್ನು ಬೋರಲಾಗಿ ಮಲಗಿಸುವುದು ಉಪಯುಕ್ತ. ಗರ್ಭಿಣಿಯರಿಗೂ ತೀವ್ರ ಹೃದ್ರೋಗಿಗಳಿಗೂ ಇದು ಸಲ್ಲದು.

ಇನ್ನು ಸ್ಟಿರಾಯ್ಡ್ ವಿಚಾರ. ಆಮ್ಲಜನಕ ಬೇಕಾದ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ತಗ್ಗಿಸುತ್ತದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭ ಕಂಡುಬರಲಿಲ್ಲ. ಮೊದಲ ದಿನವೇ ಜ್ವರಕ್ಕೆಂದು ಈ ಔಷಧಿ ಕೊಡಿಸಿಕೊಂಡರೆ ಸಕ್ಕರೆ ಪ್ರಮಾಣ ಏರಿ ಬೇರೆ ಸೋಂಕುಗಳಿಗೆ ದಾರಿಯಾಗಬಹುದು.

ಆಸ್ಪತ್ರೆಯಿಂದ ಮರಳಿದವರಲ್ಲಿಯೂ ತೊಡಕುಗಳು ಉಳಿಯಬಲ್ಲವು. ಹಾನಿಗೊಂಡ ಶ್ವಾಸಕೋಶ ಸೀಳಿ ಎದೆಗೂಡಿನಲ್ಲಿ ಗಾಳಿ ತುಂಬಿದರೆ ಒಂದು ಬದಿಯಲ್ಲಿ ಹಠಾತ್ ನೋವು, ಏದುಸಿರು ಕಾಣುತ್ತದೆ. ಒಂದು ಕಾಲು ಮಾತ್ರ ಬಾತು, ಅನಂತರ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಸೇರಿರುವ ಶಂಕೆಯಿರುತ್ತದೆ. ಇವೆರಡೂ ಗಂಟೆಗಳ ಲೆಕ್ಕದ ತುರ್ತುಗಳು. ಒಣಕೆಮ್ಮು, ನಾಲ್ಕು ಹೆಜ್ಜೆಗೇ ಆಯಾಸ ತಿಂಗಳುಗಟ್ಟಲೆ ಉಳಿದರೆ ಶ್ವಾಸಕೋಶ ಗಡುಸಾಗಿರಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆಯನ್ನೂ ಮಾಡಿಸಬೇಕು. ನಿಪ್ಪಾಣಿ ಭಾಗದಲ್ಲಿ ತಂಬಾಕಿನ ಧೂಳಿನ ನಡುವೆ ಬೀಡಿ ಕಟ್ಟುವ ಮಹಿಳೆಯರ ಕೆಮ್ಮನ್ನು "ಕೆಲಸದ್ದೇ" ಎಂದು ಕಡೆಗಣಿಸಲಾಗದು.

ಗಡಿ ತಾಲೂಕುಗಳಲ್ಲಿ ಇನ್ನೊಂದು ಸಮಸ್ಯೆಯಿದೆ. ಇಲ್ಲಿನ ಅನೇಕರು ಚಿಕಿತ್ಸೆಗಾಗಿ ಮಿರಜ, ಸಾಂಗಲಿ, ಕೊಲ್ಹಾಪುರಗಳಿಗೆ ಹೋಗುತ್ತಾರೆ. ಅಲ್ಲಿಂದ ಮನೆಗೆ ಮರಳಿದವರ ಮಾಹಿತಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಾನಾಗಿ ತಲುಪುತ್ತದೆಂದು ನಂಬಿ ಕೂರುವಂತಿಲ್ಲ. ವಾರ್ಡಿನ ಮನೆಮನೆಯನ್ನು ಬಲ್ಲ ಸದಸ್ಯರೇ ಅಂಥವರನ್ನು ಗುರುತಿಸಿ, ಆಶಾ ಕಾರ್ಯಕರ್ತೆಯ ಪಟ್ಟಿಗೆ ಹೆಸರು ಸೇರಿಸಿ, ಬಿಡುಗಡೆ ಪತ್ರದ ಪ್ರತಿಯನ್ನು ವೈದ್ಯಾಧಿಕಾರಿಗೆ ತಲುಪಿಸತಕ್ಕದ್ದು. ಪತ್ರ ಮರಾಠಿ ಅಥವಾ ಇಂಗ್ಲಿಷಿನಲ್ಲಿದ್ದರೂ ಸರಿಯೇ. ರಕ್ತ ತೆಳುವಾಗಿಸುವ ಮಾತ್ರೆ, ಸ್ಟಿರಾಯ್ಡ್ ಎಷ್ಟು ದಿನವೆಂಬುದು ಅದರಲ್ಲಿಯೇ ಇರುತ್ತದೆ.