ಕಾಂತರೇಖೆಗಳ ಮರುಜೋಡಣೆ

ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಇದೆ. ಅಲ್ಲಿ ನಿಂತ ನೀರು ಶಾಂತವಾಗಿ ಕಾಣುತ್ತದೆ. ಆದರೆ ಅದರಲ್ಲಿ ಶಕ್ತಿಯು ಅಡಗಿರುತ್ತದೆ. ನದಿಯು ಗೋಕಾಕದ ಬಳಿ ಸುಮಾರು 52 ಮೀಟರು ಕೆಳಗೆ ಧುಮುಕುವಾಗ ಆ ಶಕ್ತಿಯು ವೇಗವಾಗಿ ಮಾರ್ಪಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಈ ಬಲದಿಂದ ಅಲ್ಲಿಯ ನೂಲಿನ ಗಿರಣಿಯ ಯಂತ್ರಗಳು ತಿರುಗಿದವು. ಬಳಿಕ ನದಿಯು ಮೂಡಲಗಿ ಸೀಮೆಯನ್ನು ಹಾಯ್ದು ಕೃಷ್ಣೆಯತ್ತ ಸಾಗುತ್ತದೆ. ಶಕ್ತಿಯು ಹೊಸದಾಗಿ ಹುಟ್ಟುವುದಿಲ್ಲ, ರೂಪವನ್ನು ಬದಲಿಸುತ್ತದೆ ಎಂಬ ಈ ನಿಯಮವು ಸೂರ್ಯನಲ್ಲಿಯೂ ನಡೆಯುತ್ತದೆ.

ಸೂರ್ಯನ ಹೊರಾವರಣದ ಉಷ್ಣತೆಯು ಹತ್ತು ಲಕ್ಷ ಡಿಗ್ರಿಯನ್ನು ಮೀರುತ್ತದೆ. ಆ ತಾಪದಲ್ಲಿ ಪರಮಾಣುಗಳು ಒಡೆದು ಎಲೆಕ್ಟ್ರಾನುಗಳೂ ಅಯಾನುಗಳೂ ಬೇರೆಯಾಗುತ್ತವೆ. ಈ ಸ್ಥಿತಿಯೇ ಪ್ಲಾಸ್ಮಾ. ಕಾಂತಕ್ಷೇತ್ರದ ಬಲರೇಖೆಗಳು ಅದರೊಡನೆ ಹೆಣೆದುಕೊಂಡಿರುತ್ತವೆ. ಸೂರ್ಯನ ಮೇಲ್ಮೈ ಸದಾ ಕುದಿದು ಹೊರಳುವುದರಿಂದ ಈ ರೇಖೆಗಳು ಹುರಿಗೊಳ್ಳುತ್ತವೆ. ಹುರಿ ಬಿಗಿದಂತೆ ಅವುಗಳಲ್ಲಿ ಶಕ್ತಿಯು ಸಂಗ್ರಹವಾಗುತ್ತದೆ. ವಿರುದ್ಧ ದಿಕ್ಕಿನ ರೇಖೆಗಳು ತೀರ ಸಮೀಪಕ್ಕೆ ಬಂದಾಗ ಕಡಿದುಹೋಗಿ, ಬೇರೆ ಜೊತೆಗಳಾಗಿ ಕೂಡಿಕೊಳ್ಳುತ್ತವೆ. ಇದಕ್ಕೆ ಕಾಂತರೇಖೆಗಳ ಮರುಜೋಡಣೆ ಎಂದು ಹೆಸರು. ಕೂಡಿದ ರೇಖೆಗಳು ಸೆಳೆದು ಬಿಟ್ಟ ಬಿಲ್ಲಿನ ಹೆದೆಯಂತೆ ಚಿಮ್ಮಿ ಪ್ಲಾಸ್ಮಾವನ್ನು ಹೊರದೂಡುತ್ತವೆ.

ಕಣಗಳಿಗೆ ಶಕ್ತಿಯು ಒದಗುವುದು ಹೇಗೆ? ಕಾಂತಬಲವು ಚಲಿಸುವ ಕಣದ ದಿಕ್ಕನ್ನು ತಿರುಗಿಸಬಲ್ಲುದು, ವೇಗವನ್ನು ಹೆಚ್ಚಿಸಲಾರದು. ಆದರೆ ಮರುಜೋಡಣೆಯ ಕಾಲದಲ್ಲಿ ವಿದ್ಯುತ್ ಕ್ಷೇತ್ರವೊಂದು ಉಂಟಾಗುತ್ತದೆ. ಅದು ವಿದ್ಯುದಾವೇಶವುಳ್ಳ ಕಣಗಳನ್ನು ನೇರವಾಗಿ ತಳ್ಳುತ್ತದೆ. ಇನ್ನೊಂದು ಬಗೆಯೂ ಉಂಟು. ಕುಗ್ಗುತ್ತಿರುವ ಬಲರೇಖೆಗಳ ಕುಣಿಕೆಯಲ್ಲಿ ಸಿಕ್ಕ ಕಣವು ಅತ್ತಿಂದಿತ್ತ ಪುಟಿಯುತ್ತದೆ. ಎದುರಾಗಿ ಬೀಸಿದ ದಾಂಡಿಗೆ ತಗುಲಿದ ಚೆಂಡು ಬಂದುದಕ್ಕಿಂತ ವೇಗವಾಗಿ ಮರಳುವಂತೆ, ಪ್ರತಿಯೊಂದು ಪುಟಿತದಲ್ಲಿಯೂ ಕಣದ ವೇಗವು ಹೆಚ್ಚುತ್ತದೆ. ಇಲ್ಲಿಯೂ ದುಡಿಯುವುದು ವಿದ್ಯುತ್ ಕ್ಷೇತ್ರವೇ. ಹೀಗೆ ಕೆಲವು ಎಲೆಕ್ಟ್ರಾನುಗಳು ಬೆಳಕಿನ ವೇಗದ ಮೂರನೆಯ ಒಂದು ಪಾಲಿನಷ್ಟು ವೇಗವನ್ನು ಪಡೆಯುತ್ತವೆ.

ಅಂತಹ ಎಲೆಕ್ಟ್ರಾನುಗಳು ಪ್ಲಾಸ್ಮಾವನ್ನು ಸೀಳಿಕೊಂಡು ಹೋಗುವಾಗ ರೇಡಿಯೊ ಅಲೆಗಳು ಹೊಮ್ಮುತ್ತವೆ. ನಮ್ಮ ರಾಜ್ಯದ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯವು ಆ ಅಲೆಗಳನ್ನು ಗ್ರಹಿಸುತ್ತದೆ. 2023ರ ಸೆಪ್ಟೆಂಬರ್ 2ರಂದು ಭಾರತವು ಹಾರಿಸಿದ ಆದಿತ್ಯ-ಎಲ್1 ನೌಕೆಯು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರು ದೂರದ ನೆಲೆಯನ್ನು 2024ರ ಜನವರಿಯಲ್ಲಿ ಸೇರಿತು. ಅದರ ಕೆಲಸವೂ ಸೂರ್ಯನ ಅಧ್ಯಯನವೇ.

ಈ ಅಧ್ಯಯನವು ಕೇವಲ ಕುತೂಹಲದ ಮಾತಲ್ಲ. ಸೂರ್ಯನಿಂದ ಸಿಡಿದ ಪ್ಲಾಸ್ಮಾವು ಭೂಮಿಯನ್ನು ತಾಕಿದಾಗ, ಭೂಮಿಯ ಕಾಂತಕ್ಷೇತ್ರದೊಡನೆಯೂ ಮರುಜೋಡಣೆಯು ನಡೆಯುತ್ತದೆ. 1989ರ ಮಾರ್ಚ್ 13ರಂದು ಅಂತಹ ಕಾಂತಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲವನ್ನು ಕೆಡವಿತು. ಸುಮಾರು 60 ಲಕ್ಷ ಜನರು ಒಂಬತ್ತು ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಉಳಿದರು. ಉಪಗ್ರಹಗಳಿಗೂ ಗಗನಯಾತ್ರಿಗಳಿಗೂ ಇದರಿಂದ ಅಪಾಯವುಂಟು. ಬಿರುಗಾಳಿಯನ್ನು ತಡೆಯುವುದು ಮನುಷ್ಯನಿಗೆ ಸಾಧ್ಯವಿಲ್ಲ. ಅದರ ಬರವನ್ನು ಮೊದಲೇ ಅರಿತು ಎಚ್ಚರ ವಹಿಸುವುದು ಸಾಧ್ಯ. ಆ ಅರಿವಿಗೆ ವಿಜ್ಞಾನವೇ ದಾರಿ.