ಕೆರೆ ಬಾವಿಗಳ ಸಣ್ಣ ವಲ್ಕವಂತ ಪ್ರಾಣಿಗಳು: ಅವುಗಳ ಅಂಗರಚನೆಯೂ ವರ್ಗೀಕರಣವೂ

ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಮೆಯಾದ ಬಯಲುಸೀಮೆಗೆ ಸೇರಿದವು. ಇಲ್ಲಿಯ ಕೆರೆಕಟ್ಟೆಗಳಲ್ಲಿ ಅನೇಕವು ಭಾದ್ರಪದ ಆಶ್ವಯುಜ ಮಾಸಗಳ ಮಳೆಗೆ ನೀರು ಕಂಡು, ಬೇಸಗೆಯಲ್ಲಿ ಬತ್ತಿ ಬಿರುಕುಬಿಡುವುವು. ಹೊಸನೀರು ನಿಂತ ಕೆಲವು ದಿನಗಳೊಳಗಾಗಿ ಆ ನೀರಿನಲ್ಲಿ ಸಾಸಿವೆಗಿಂತಲೂ ಸಣ್ಣವಾದ ಚುಕ್ಕೆಗಳು ಅತ್ತಿತ್ತ ಸಂಚರಿಸುವುದನ್ನು ನೀರು ತರುವ ಹೆಂಗಸರೂ ದನ ಕಾಯುವ ಹುಡುಗರೂ ಕಂಡಿರುತ್ತಾರೆ. ಇವೆಲ್ಲವನ್ನೂ ನೀರಿನ ಹುಳುಗಳೆಂದು ಒಂದೇ ಹೆಸರಿನಿಂದ ಕರೆಯುವುದು ವಾಡಿಕೆ. ಆದರೆ ಇವು ಹುಳುಗಳಲ್ಲ. ಒಂದೇ ಬಗೆಯವೂ ಅಲ್ಲ. ಇವುಗಳಲ್ಲಿ ಬಹುಪಾಲು ಮೀನಿಗೆ ಆಹಾರವಾಗಿ ಊರಿಗೆ ಲಾಭವನ್ನು ತರುವುವು. ಒಂದು ಮಾತ್ರ ಹಿಂದೆ ಕರ್ಣಾಟಕದ ಎಷ್ಟೋ ಗ್ರಾಮಗಳಲ್ಲಿ ದುಡಿಯುವ ಜನರನ್ನು ಹಾಸಿಗೆ ಹಿಡಿಸಿದ ರೋಗಕ್ಕೆ ವಾಹನವಾಗಿದ್ದಿತು. ಆದುದರಿಂದ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಕ್ರಮವನ್ನು ಊರಿನ ಯಜಮಾನರೂ ಹಿಡುವಳಿದಾರರೂ ತಿಳಿದಿರುವುದು ಅವಶ್ಯಕ.

ವರ್ಗದ ಸಾಮಾನ್ಯ ಲಕ್ಷಣ

ಪ್ರಾಣಿಶಾಸ್ತ್ರಜ್ಞರು ಇವುಗಳನ್ನು ಏಡಿ ಸಿಗಡಿಗಳೊಡನೆ ವಲ್ಕವಂತಗಳೆಂಬ ಒಂದೇ ವರ್ಗದಲ್ಲಿ ಸೇರಿಸಿರುತ್ತಾರೆ. ಈ ವರ್ಗಕ್ಕೆ ಕ್ರಸ್ಟೇಷಿಯವೆಂದು ಹೆಸರು. ಇವುಗಳಿಗೆ ಒಳಗೆ ಎಲುಬಿಲ್ಲ. ಹೊರಗಿನ ಗಡುಸಾದ ತೊಗಲೇ ದೇಹಕ್ಕೆ ಆಧಾರ. ದೇಹವು ಬೆಳೆದಂತೆಲ್ಲ ಆ ತೊಗಲನ್ನು ಹಾವು ಪೊರೆ ಬಿಡುವಂತೆ ಕಳಚುವುವು. ಕಾಲುಗಳಿಗೆ ಗಿಣ್ಣುಗಳುಂಟು. ತಲೆಯಲ್ಲಿ ಎರಡು ಜೊತೆ ಮೀಸೆಗಳಿರುವುವು. ಕೀಟಗಳಿಗೆ ಒಂದೇ ಜೊತೆ ಮೀಸೆಯಿರುವುದರಿಂದ, ಇದೊಂದೇ ಗುರುತಿನಿಂದ ವಲ್ಕವಂತವನ್ನು ಕೀಟದಿಂದ ಬೇರ್ಪಡಿಸಬಹುದು. ನೀರಿನಲ್ಲಿ ಕೊಂಕಿ ಕೊಂಕಿ ಚಲಿಸುವ ಸೊಳ್ಳೆಯ ಮರಿಯು ಕೀಟವೇ ಹೊರತು ಈ ವರ್ಗದ್ದಲ್ಲ.

ಕಾಲುಗಳಿಂದ ವರ್ಗೀಕರಣ: ಸಮುದ್ರದ ಒಂದು ದೃಷ್ಟಾಂತ

ಈ ವರ್ಗದ ಒಳಭೇದಗಳನ್ನು ಮುಖ್ಯವಾಗಿ ಕಾಲುಗಳ ಸಂಖ್ಯೆ, ಆಕಾರ ಮತ್ತು ದಿಕ್ಕುಗಳನ್ನು ನೋಡಿ ನಿರ್ಣಯಿಸುತ್ತಾರೆ. ಇದಕ್ಕೆ ಸಮುದ್ರದ ಆಂಫಿಪಾಡ್ ಎಂಬ ಗಣವು ಉತ್ತಮವಾದ ದೃಷ್ಟಾಂತ. ಎರಡು ತೆರದ ಕಾಲುಳ್ಳದ್ದೆಂಬುದೇ ಆ ಗ್ರೀಕ್ ಹೆಸರಿನ ಅರ್ಥವಾದುದರಿಂದ ಅದನ್ನು ಉಭಯಪದಿಯೆಂದು ಕರೆಯಬಹುದು. ಕರಾವಳಿಯಲ್ಲಿ ಅಲೆಗಳು ತಂದೊಡ್ಡಿದ ಪಾಚಿಯನ್ನು ಎತ್ತಿದೊಡನೆ ಅದರಡಿಯಿಂದ ನೆಗೆದೋಡುವ ಮರಳುಚಿಗಟಗಳು ಈ ಗಣಕ್ಕೆ ಸೇರಿದವು. ಇವುಗಳಲ್ಲಿ ಬಹುಭಾಗ ಒಂದು ಅಂಗುಲಕ್ಕಿಂತ ಚಿಕ್ಕವು. ಬೆನ್ನಿನ ಮೇಲೆ ಏಡಿಗಿರುವಂತಹ ಹೊದಿಕೆಯಿಲ್ಲ. ದೇಹವು ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾಗಿ, ಬಿಲ್ಲಿನಂತೆ ಬಾಗಿರುವುದು. ಎದೆಯ ಭಾಗದಲ್ಲಿ ಏಳು ಜೊತೆ ಕಾಲುಗಳು: ಮೊದಲ ಎರಡು ಜೊತೆಗಳು ಹಿಡಿಯುವುದಕ್ಕೆ, ಮುಂದಿನ ಎರಡು ಜೊತೆಗಳು ಮುಂದಕ್ಕೆ, ಕೊನೆಯ ಮೂರು ಜೊತೆಗಳು ಹಿಂದಕ್ಕೆ ತಿರುಗಿರುವುವು. ಹೊಟ್ಟೆಯ ಭಾಗದಲ್ಲಿ ಮೂರು ಜೊತೆ ಈಜುಗಾಲುಗಳೂ, ಅವುಗಳ ಹಿಂದೆ ನೆಗೆಯುವುದಕ್ಕೆ ನೆರವಾಗುವ ಮೂರು ಜೊತೆ ಕಡ್ಡಿಯಂತಹ ಅಂಗಗಳೂ ಇರುವುವು. ಉಸಿರಾಡುವ ಕಿವಿರುಗಳು ಎದೆಯ ಕಾಲುಗಳ ಬುಡದಲ್ಲಿವೆ. ಹೆಣ್ಣು ತತ್ತಿಗಳನ್ನು ಎದೆಯ ಕೆಳಗಣ ಚೀಲದಲ್ಲಿ ಹೊರುವುದು. ಮರಿಗಳು ತಾಯಿಯ ರೂಪದಲ್ಲಿಯೇ ಹೊರಬರುವುವು.

ಇಲ್ಲಿಯವರೆಗೆ ವರ್ಣಿಸಲ್ಪಟ್ಟ ಉಭಯಪದಿಗಳು 10,000ಕ್ಕೂ ಹೆಚ್ಚು ಜಾತಿಗಳು. ಅವುಗಳಲ್ಲಿ ಬಹುಪಾಲು ಸಮುದ್ರವಾಸಿಗಳು. ಆದರೂ ಒಳನಾಡಿನ ಅಂತರ್ಜಲದಲ್ಲಿಯೂ ಕೆಲವುಂಟು. ನೆರೆಯ ಆಂಧ್ರಪ್ರದೇಶದ ಬಾವಿಗಳಲ್ಲಿ ದೊರೆತ ಬೊಗಿಡಿಯೆಲ್ಲ ಇಂಡಿಕ ಎಂಬುದು 2006ರಲ್ಲಿ ವರ್ಣಿತವಾಯಿತು. ಈ ಗಣದಲ್ಲಿ ಕಾಲುಗಳನ್ನು ಎಣಿಸಿದಂತೆಯೇ ಕೆರೆಯ ಪ್ರಾಣಿಗಳಲ್ಲಿಯೂ ಎಣಿಸಿ ನೋಡಿದರೆ ಅವುಗಳ ಭೇದವು ಸ್ಪಷ್ಟವಾಗುವುದು.

ಕೆರೆಯಲ್ಲಿ ಕಾಣಬರುವ ನಾಲ್ಕು ಬಗೆಗಳು

1. ನೀರುಚಿಗಟ. ಡಾಫ್ನಿಯ, ಮೊಯಿನ ಮೊದಲಾದುವು ಈ ಬಗೆಯವು. ದೇಹವು ನಡುವೆ ಮಡಿಸಿದಂತಿರುವ ಪಾರದರ್ಶಕವಾದ ಚಿಪ್ಪಿನೊಳಗಿದ್ದು ತಲೆ ಮಾತ್ರ ಹೊರಗಿರುವುದು. ಕವಲೊಡೆದ ದೊಡ್ಡ ಮೀಸೆಗಳನ್ನೇ ಹುಟ್ಟಿನಂತೆ ಬಡಿದು ಕುಪ್ಪಳಿಸುತ್ತ ಈಜುವುದು. ತತ್ತಿಗಳು ಬೆನ್ನಿನ ಕಡೆ ಚಿಪ್ಪಿನೊಳಗೆ ಕಾಣುವುವು. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯೇ ಇದರ ಆಹಾರ.

2. ಸೈಕ್ಲಾಪ್ಸ್. ಒಂದೆರಡು ಮಿಲಿಮೀಟರು ಉದ್ದ. ಚಿಪ್ಪಿಲ್ಲ. ಮುಂಭಾಗ ದಪ್ಪ, ಹಿಂಭಾಗ ಸಣ್ಣಗಾಗಿ ಬಾಲವು ಎರಡಾಗಿ ಕವಲೊಡೆದಿರುವುದು. ತಲೆಯ ನಡುವೆ ಒಂದೇ ಕಣ್ಣು. ಹೆಣ್ಣಿಗೆ ಬಾಲದ ಎರಡು ಪಕ್ಕಗಳಲ್ಲಿ ಎರಡು ತತ್ತಿಚೀಲಗಳು ಜೋಲಾಡುವುವು. ಇದು ತಡೆತಡೆದು, ಚಿಮ್ಮಿ ಚಿಮ್ಮಿ ಚಲಿಸುವುದು.

3. ಅವರೆಕಾಳಿನ ಆಕಾರದ ಚಿಪ್ಪುಜೀವಿ. ಶಾಸ್ತ್ರದಲ್ಲಿ ಇದಕ್ಕೆ ಆಸ್ಟ್ರಕಾಡ್ ಎಂದು ಹೆಸರು. ಎರಡು ಚಿಪ್ಪುಗಳ ನಡುವೆ ತಲೆ ಸಹಿತ ಇಡೀ ದೇಹವು ಅಡಗಿರುವುದು. ಕೆರೆಯ ತಳದಲ್ಲಿಯೂ ಜೊಂಡಿನ ಬುಡದಲ್ಲಿಯೂ ತೆವಳುವುದು.

4. ಹೊಸನೀರಿನ ಸಿಗಡಿ. ಸ್ಟ್ರೆಪ್ಟೊಸೆಫಾಲಸ್ ಎಂಬುದು ಈ ಬಗೆಯದು. ನಾಲ್ಕರಲ್ಲಿ ಇದೇ ದೊಡ್ಡದು, ಅಂಗುಲದವರೆಗೆ ಬೆಳೆಯುವುದು. ಚಿಪ್ಪಿಲ್ಲ, ಎಲೆಯಂತಹ ಹನ್ನೊಂದು ಜೊತೆ ಕಾಲುಗಳನ್ನು ಅಲೆಯಂತೆ ಆಡಿಸುತ್ತ ಅಂಗಾತವಾಗಿ ಈಜುವುದು. ಮೀನಿಲ್ಲದ ತಾತ್ಕಾಲಿಕ ಹೊಂಡಗಳೇ ಇದರ ವಾಸಸ್ಥಾನ.

ನೀರು ಬತ್ತಿದ ಮೇಲೆ ಇವು ಎಲ್ಲಿ ಹೋಗುವುವೆಂಬ ಪ್ರಶ್ನೆ ಸಹಜ. ನೀರುಚಿಗಟವೂ ಹೊಸನೀರಿನ ಸಿಗಡಿಯೂ ದಪ್ಪ ಕವಚವುಳ್ಳ ತತ್ತಿಗಳನ್ನು ಕೆಸರಿನಲ್ಲಿ ಬಿಟ್ಟು ಸಾಯುವುವು. ಆ ತತ್ತಿಗಳು ಬಿಸಿಲಿಗೆ ಒಣಗಿದರೂ ವರ್ಷಗಳ ಕಾಲ ಜೀವವುಳಿಸಿಕೊಂಡಿದ್ದು, ನೀರು ಬಂದೊಡನೆ ಒಡೆಯುವುವು. ಬತ್ತಿದ ಕೆರೆಯ ಮೇಲ್ಪದರದ ಮಣ್ಣು ಈ ಪ್ರಾಣಿಗಳಿಗೆ ಬಿತ್ತನೆಯ ಕಣಜವಿದ್ದಂತೆ.

ಸೈಕ್ಲಾಪ್ಸೂ ನಾರುಹುಣ್ಣೂ

ನಾರುಹುಣ್ಣಿನ ರೋಗಿಯ ಕಾಲಿನಿಂದ ಹೊರಡುವ ಹೆಣ್ಣುಹುಳು ಸುಮಾರು ಒಂದು ಮೀಟರಿನವರೆಗೂ ಉದ್ದವಿರಬಹುದು. ಅಂತಹ ರೋಗಿಯು ಮೆಟ್ಟಿಲುಬಾವಿಯೊಳಕ್ಕೆ ಇಳಿದು ನೀರಿನಲ್ಲಿ ಕಾಲಿಟ್ಟಾಗ ಹುಳುವು ಅಸಂಖ್ಯಾತ ಮರಿಗಳನ್ನು ನೀರಿಗೆ ಬಿಡುವುದು. ಸೈಕ್ಲಾಪ್ಸ್ ಆ ಮರಿಗಳನ್ನು ನುಂಗುವುದು. ಅದರ ದೇಹದಲ್ಲಿ ಎರಡು ವಾರಗಳು ಬೆಳೆದ ಮೇಲೆ ಮಾತ್ರ ಮರಿಗೆ ಮನುಷ್ಯನನ್ನು ಹಿಡಿಯುವ ಶಕ್ತಿ ಬರುವುದು. ಸೋಸದ ನೀರನ್ನು ಕುಡಿದವನ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸತ್ತು ಹುಳುವಿನ ಮರಿ ಉಳಿಯುವುದು. ಸುಮಾರು ಒಂದು ವರ್ಷದ ಮೇಲೆ ಹುಣ್ಣು ಏಳುವುದು. ಸೈಕ್ಲಾಪ್ಸಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ರಷ್ಯದ ಫೆಡ್‌ಚೆಂಕೊ ಎಂಬ ವಿದ್ವಾಂಸನು 1870ರ ಸುಮಾರಿಗೆ ಕಂಡುಹಿಡಿದನು.

ಈ ರೋಗಕ್ಕೆ ಔಷಧಿಯೂ ಇಲ್ಲ, ತಡೆಯುವ ಲಸಿಕೆಯೂ ಇಲ್ಲ. ಆದರೂ ಭಾರತವು ಇದನ್ನು ನಿರ್ಮೂಲ ಮಾಡಿತು. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಕರ್ಣಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ನಡೆಯಿತು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದುದು, ಕೈಪಂಪುಗಳನ್ನು ಹಾಕಿಸಿದುದು, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೆ ಕಲಿಸಿದುದು, ಟೆಮಿಫಾಸ್ ಎಂಬ ಔಷಧಿಯಿಂದ ಕುಡಿಯುವ ನೀರಿನ ಸೈಕ್ಲಾಪ್ಸನ್ನು ಕೊಂದುದು, ಇವೇ ಅದರ ಉಪಾಯಗಳು. ದೇಶದ ಕೊನೆಯ ರೋಗಿಯು 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಪ್ರಮಾಣೀಕರಿಸಿತು. ಒಂದು ಸಣ್ಣ ಪ್ರಾಣಿಯನ್ನು ಸರಿಯಾಗಿ ಗುರುತಿಸಿದುದೇ ಈ ಜಯಕ್ಕೆ ಮೂಲವೆಂಬುದನ್ನು ಮರೆಯತಕ್ಕುದಲ್ಲ.

ರೋಗವು ಹೋಗಿದೆ, ಸೈಕ್ಲಾಪ್ಸ್ ಹೋಗಿಲ್ಲ. ಆದರೆ ಹುಳುವಿನ ಮರಿಯಿಲ್ಲದ ಸೈಕ್ಲಾಪ್ಸಿನಿಂದ ಈ ರೋಗವು ಬಾರದು. ಕೆರೆಯಲ್ಲಿ ಅದು ಮೀನಿಗೆ ಆಹಾರ. ಅದರ ಕೆಲವು ಜಾತಿಗಳು ಸೊಳ್ಳೆಯ ಎಳೆಮರಿಗಳನ್ನೂ ತಿನ್ನುವುವು. ವಿಯಟ್ನಾಂ ದೇಶದಲ್ಲಿ ಡೆಂಗೆ ಜ್ವರದ ಸೊಳ್ಳೆಯನ್ನು ಅಡಗಿಸುವುದಕ್ಕೆ ಇವುಗಳನ್ನು ನೀರಿನ ತೊಟ್ಟಿಗಳಲ್ಲಿ ಬಿಟ್ಟಿರುತ್ತಾರೆ. ಆದುದರಿಂದ ಅದು ಕುಡಿಯುವ ಕೊಡದಲ್ಲಿ ಇರಕೂಡದು, ಕೆರೆಯಲ್ಲಿ ಇರಬಹುದು.

ಗ್ರಾಮಸ್ಥರು ಗಮನಿಸತಕ್ಕ ವಿಷಯಗಳು

ಮೊದಲನೆಯದಾಗಿ, ಕೆರೆಗೆ ಮೀನುಮರಿ ಬಿಡುವ ಮುನ್ನ ನೀರನ್ನು ಪರೀಕ್ಷಿಸುವುದು ಲೇಸು. ಹತ್ತು ಬಿಂದಿಗೆ ನೀರನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಬಿಳಿಯ ಬಟ್ಟಲಿನ ನೀರಿನಲ್ಲಿ ಅದ್ದಿ ಭೂತಗನ್ನಡಿಯಿಂದ ನೋಡಬೇಕು. ಚುಕ್ಕೆಗಳು ದಟ್ಟವಾಗಿ ಓಡಾಡುತ್ತಿದ್ದರೆ ಮರಿಗಳಿಗೆ ಆಹಾರವುಂಟು. ಕಾಟ್ಲಾ ಮೀನು ದೊಡ್ಡದಾದ ಮೇಲೆಯೂ ಮುಖ್ಯವಾಗಿ ಇವುಗಳನ್ನೇ ತಿಂದು ಬೆಳೆಯುವುದು. ಮರಿ ಸಾಕುವ ಹೊಂಡಗಳಲ್ಲಿ ಚುಕ್ಕೆಗಳು ವಿರಳವಾಗಿದ್ದರೆ ಸಗಣಿಗೊಬ್ಬರವನ್ನು ಮಿತವಾಗಿ ಹಾಕಿ ಪಾಚಿಯನ್ನೂ ಆ ಮೂಲಕ ನೀರುಚಿಗಟವನ್ನೂ ಹೆಚ್ಚಿಸಬಹುದು.

ಎರಡನೆಯದಾಗಿ, ಬೆಳೆಗೆ ಔಷಧಿ ಸಿಂಪಡಿಸಿದ ಡಬ್ಬಿ ಪಂಪುಗಳನ್ನು ಕೆರೆಯಲ್ಲಿ ತೊಳೆಯಕೂಡದು. ಕೀಟವನ್ನು ಕೊಲ್ಲುವ ವಿಷವು ಕೀಟದ ಬಂಧುವಾದ ವಲ್ಕವಂತವನ್ನೂ ಕೊಲ್ಲುವುದು. ನೀರಿನ ವಿಷವನ್ನು ಅಳೆಯುವುದಕ್ಕೆ ಪ್ರಯೋಗಶಾಲೆಗಳಲ್ಲಿ ಡಾಫ್ನಿಯವನ್ನೇ ಬಳಸುವುದು ಇದೇ ಕಾರಣದಿಂದ. ಚುಕ್ಕೆಗಳು ಒಮ್ಮೆಗೇ ಕಾಣೆಯಾದ ಕೆರೆಯ ನೀರಿನ ವಿಷಯದಲ್ಲಿ ಎಚ್ಚರವಾಗಿರಬೇಕು.

ಮೂರನೆಯದಾಗಿ, ಹೂಳನ್ನು ಹೊಲಕ್ಕೆ ಸಾಗಿಸುವಾಗ ಇಡೀ ಅಂಗಳವನ್ನು ಒಂದೇ ವರ್ಷದಲ್ಲಿ ಕೆರೆಯದೆ, ಒಂದು ಭಾಗವನ್ನು ಹಾಗೆಯೇ ಬಿಟ್ಟರೆ ತತ್ತಿಗಳ ಕಣಜವು ಉಳಿಯುವುದು.

ನಾಲ್ಕನೆಯದಾಗಿ, ತೆರೆದ ನೀರನ್ನು ಕುಡಿಯಬೇಕಾಗಿ ಬಂದರೆ ಒತ್ತಾದ ನೇಯ್ಗೆಯ ಬಟ್ಟೆಯನ್ನು ಎರಡು ಪದರ ಮಾಡಿ ಸೋಸಿ, ಬಳಿಕ ಕಾಯಿಸತಕ್ಕುದು. ಬಟ್ಟೆಯು ಸೈಕ್ಲಾಪ್ಸನ್ನು ತಡೆಯುವುದು. ಕಾಲರ ಮೊದಲಾದ ರೋಗಗಳ ಬೀಜಗಳನ್ನು ಪೂರ್ತಿಯಾಗಿ ತಡೆಯಲಾರದು. ಪಾವಗಡದ ಕೊಳವೆಬಾವಿಗಳಲ್ಲಿ ಕಂಡುಬರುವ ಫ್ಲೋರೈಡ್ ದೋಷವಾದರೋ ಸೋಸುವುದರಿಂದಲೂ ಕಾಯಿಸುವುದರಿಂದಲೂ ಹೋಗದು. ಅದಕ್ಕೆ ಶುದ್ಧೀಕರಣ ಘಟಕದ ನೀರೇ ಗತಿ. ಯಾವ ದೋಷಕ್ಕೆ ಯಾವ ಉಪಾಯವೆಂಬುದನ್ನು ವಿಂಗಡಿಸಿ ತಿಳಿದು ನಡೆದರೆ, ಕೆರೆಯ ಫಲವೂ ಜನರ ಆರೋಗ್ಯವೂ ಒಟ್ಟಿಗೆ ಉಳಿಯುವುವು.