ಬೀಳುವ ನೀರಿನ ಹೆಸರುಗಳು

ಗೋವಾ–ಕರ್ನಾಟಕ ಗಡಿಯಲ್ಲಿ ಮಾಂಡೋವಿ ನದಿಯು ಸುಮಾರು 310 ಮೀಟರ್ ಎತ್ತರದಿಂದ ಧುಮುಕುವ ತಾಣವೇ ದೂಧಸಾಗರ. ಆ ಹೆಸರಿನಲ್ಲಿ ಹಾಲೂ ಇದೆ, ಸಾಗರವೂ ಇದೆ. ಬೀಳುವಿಕೆಯನ್ನು ಸೂಚಿಸುವ ಪದ ಮಾತ್ರ ಇಲ್ಲ. ಗೋವೆಯ ಕನ್ನಡ ತರಗತಿಯಲ್ಲಿ ಅದರ ಚಿತ್ರವನ್ನು ತೋರಿಸಿ ‘ಇದೇನು?’ ಎಂದು ಕೇಳಿದರೆ ಬರುವ ಉತ್ತರ ಒಂದೇ ಆಗಿರಲಾರದು. ನೆರೆಮನೆಯ ಕೊಂಕಣಿಯನ್ನು ಕೇಳಿ ಬೆಳೆದ ಮಗು ‘ಧಬಧಬೊ’ ಎನ್ನಬಹುದು. ಬೆಳಗಾವಿ ಕಡೆಯ ಮಗು ಗೋಕಾಕವನ್ನು ನೆನೆದು ‘ಫಾಲ್ಸ್’ ಎನ್ನಬಹುದು. ಮಲೆನಾಡಿನ ಮನೆತನದ ಮಗು ‘ಅಬ್ಬಿ’ ಎನ್ನಬಹುದು. ಪಠ್ಯದಲ್ಲಿರುವುದು ‘ಜಲಪಾತ’. ಉಳಿದವುಗಳನ್ನು ತಪ್ಪೆಂದು ತಳ್ಳಿಹಾಕುವ ಶಿಕ್ಷಕರು ಆ ದಿನದ ಪಾಠದ ಸಾರವನ್ನೇ ತಳ್ಳಿಹಾಕಿದಂತೆ. ಮನೆಯ ಮಾತು ಶಾಲೆಗೆ ಸಲ್ಲದೆಂದು ಒಮ್ಮೆ ತಿಳಿದ ಮಗು ಮತ್ತೆ ಬಾಯಿ ತೆರೆಯಲು ಹಿಂಜರಿಯುತ್ತದೆ.

‘ಧಬಧಬೊ’ ಎಂಬುದು ನೀರಿನ ಸದ್ದಿನಿಂದಲೇ ಹುಟ್ಟಿದ ಅನುಕರಣ ಪದ. ಕನ್ನಡದ ‘ದಬದಬ’ದ ನೆರೆಯದು. ‘ಅಬ್ಬಿ’ಯ ಬಳಗ ದ್ರಾವಿಡದ್ದು. ತಮಿಳಿನ ‘ಅರುವಿ’, ತುಳುವಿನ ‘ಅರ್ಬಿ’ ಇದರ ಸೋದರ ರೂಪಗಳು. ‘ಇರ್ಪತ್ತು’ ‘ಇಪ್ಪತ್ತು’ ಆದಂತೆ ಇಲ್ಲಿಯೂ ರಕಾರವು ಮುಂದಿನ ವ್ಯಂಜನದಲ್ಲಿ ಲೀನವಾಗಿದೆ. ಮಲೆನಾಡಿನಲ್ಲಿ ಅಡಿಕೆ ದಬ್ಬೆಯ ಮೂಲಕ ಹಿತ್ತಲಿಗೆ ಹರಿದು ಬೀಳುವ ನೀರಿಗೂ ಅಬ್ಬಿ ಎಂಬ ಹೆಸರುಂಟು. ಹೀಗಿರುವಾಗ ಮಡಿಕೇರಿಯ ‘ಅಬ್ಬಿ ಜಲಪಾತ’ವು ಅರ್ಥದ ದೃಷ್ಟಿಯಿಂದ ‘ಜಲಪಾತ ಜಲಪಾತ’ವೇ ಸರಿ!

‘ಜಲಪಾತ’ದ ಉತ್ತರಪದವು ಸಂಸ್ಕೃತದ ‘ಪತ್’ ಧಾತುವಿನಿಂದ ಬಂದುದು. ಬೀಳುವುದು, ಹಾರುವುದು ಎಂಬೆರಡೂ ಅದರ ಅರ್ಥಗಳು. ಪತನ, ಪ್ರಪಾತ, ಪಾತಕಗಳು ಬೀಳುವಿಕೆಯ ಕಡೆಯವು. ಮೊದಲು ರೆಕ್ಕೆಯೆಂದು ಅರ್ಥವಿದ್ದು ಬಳಿಕ ಎಲೆಯೂ ಓಲೆಯೂ ಆದ ‘ಪತ್ರ’ವು ಹಾರುವಿಕೆಯ ಕಡೆಯದು. ಒಂದು ಕಡೆಗೆ ವಾಲುವ ‘ಪಕ್ಷಪಾತ’ವೂ ಈ ಬಳಗದ್ದೇ.

ಇಂಗ್ಲಿಷಿನ ‘ಕ್ಯಾಟರ್ಯಾಕ್ಟ್’ ಮಾತ್ರ ತರಗತಿಯಲ್ಲಿ ನಿಜವಾದ ತೊಡಕನ್ನು ತರಬಲ್ಲುದು. ಆಸ್ಪತ್ರೆಯ ಚೀಟಿಯಲ್ಲಿ ಅಜ್ಜಿಯ ಹೆಸರಿನ ಮುಂದೆ ಆ ಪದವಿದ್ದು, ನಿಘಂಟಿನ ಮೊದಲ ಅರ್ಥ ‘ಜಲಪಾತ’ವಾಗಿದ್ದರೆ ಅದನ್ನು ಓದಿ ಹೇಳಬೇಕಾದ ಮಗು ಏನು ಹೇಳೀತು? ಈ ಪದದ ಗ್ರೀಕ್ ಮೂಲಕ್ಕೆ ಕೆಳಗೆ ಧುಮ್ಮಿಕ್ಕುವುದು ಎಂಬ ಅರ್ಥವಿತ್ತು. ಕೋಟೆಯ ಬಾಗಿಲಲ್ಲಿ ಮೇಲಿನಿಂದ ಇಳಿಬಿಡುವ ಕಂಬಿಗಳ ತಡೆಗೂ ಅದೇ ಹೆಸರು. ಹಿಂದಿನ ವೈದ್ಯರು ಕಣ್ಣಿನೊಳಗೆ ದ್ರವವೊಂದು ಇಳಿದು ಹೆಪ್ಪುಗಟ್ಟುವುದೆಂದು ಭಾವಿಸಿದ್ದರು. ಅರಬ್ಬೀ ವೈದ್ಯರು ಈ ರೋಗವನ್ನು ‘ನೀರಿಳಿಯುವುದು’ ಎಂದೇ ಕರೆದರು. ವಾಸ್ತವವಾಗಿ ಮಬ್ಬಾಗುವುದು ಕಣ್ಣಿನ ಮಸೂರ. 1961ರವರೆಗೆ ಗೋವೆಯನ್ನು ಆಳಿದವರ ಪೋರ್ಚುಗೀಸಿನಲ್ಲಿಯೂ ‘ಕತರಾತ’ ಎಂದರೆ ಜಲಪಾತವೂ ಹೌದು, ಕಣ್ಣಿನ ರೋಗವೂ ಹೌದು. ಮರಾಠಿಯು ಮುತ್ತನ್ನು ಕಂಡು ‘ಮೋತಿಬಿಂದು’ ಎಂದಿತು. ಕನ್ನಡವು ನೀರನ್ನೂ ನೆನೆಯಲಿಲ್ಲ, ಮುತ್ತನ್ನೂ ನೆನೆಯಲಿಲ್ಲ. ಹಾವು ಕಳಚುವ ಪೊರೆಯನ್ನು ನೆನೆದು ‘ಕಣ್ಣಿನ ಪೊರೆ’ ಎಂದಿತು.

ಭೂಗೋಳವನ್ನು ಬೋಧಿಸುವವರು ಇನ್ನೊಂದನ್ನು ಗಮನಿಸಬೇಕು. ನೈಲ್ ನದಿಯ ಪ್ರಸಿದ್ಧವಾದ ಆರು ‘ಕ್ಯಾಟರ್ಯಾಕ್ಟ್’ಗಳನ್ನು ಜಲಪಾತಗಳೆಂದು ಅನುವಾದಿಸುವುದು ಸರಿಯಲ್ಲ, ಅವು ಬಂಡೆಗಳ ನಡುವೆ ನುಗ್ಗುವ ಸೆಳವುಗಳು.